ಏಳನೆಯ ಗಡಿಗೆ

ಹಿಮದ ಬೆಟ್ಟ ದಾಟಿ ಬರುವ ಹೆಬ್ಬಾತುಗಳಿಗೆ ಆ ಕೆರೆ ತವರಿದ್ದ ಹಾಗೆ. ಚಳಿ ಬೀಳುತ್ತಲೇ ಸಾಲುಗಟ್ಟಿ ಬರುವವು, ಬಿಸಿಲು ಚುರುಗುಟ್ಟುವ ಮೊದಲು ಹೊರಡುವವು.

ಕೆರೆಯ ಏರಿಯ ಮೇಲೊಂದು ಮಠ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಶಿಷ್ಯ ಹಾಲಪ್ಪ ಮೊದಲು ಹಕ್ಕಿ ಹಿಡಿದು ಬದುಕಿದವನು. ಅದನ್ನು ಬಿಟ್ಟು ಬಂದಿದ್ದ. ಕೆರೆ ಕಾಯುವ ಕೆಲಸವೂ ಅವನದೇ.

ಆ ಸೀಮೆಯವರು ಹಕ್ಕಿ ಹಿಡಿಯುವ ಬಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಬರಿ ಗಡಿಗೆಗಳನ್ನು ಬೋರಲು ಮಾಡಿ ನೀರಲ್ಲಿ ತೇಲಿಬಿಡುವರು. ಕಂಡು ಕಂಡು ಹಕ್ಕಿಗೆ ಗಡಿಗೆಯ ಹೆದರಿಕೆ ಹೋಗುತ್ತದೆ. ಆಮೇಲೆ ಒಬ್ಬ, ಎರಡು ತೂತಿನ ಗಡಿಗೆಯನ್ನು ತಲೆಗೆ ಹಾಕಿಕೊಂಡು, ಕುತ್ತಿಗೆವರೆಗೆ ನೀರಲ್ಲಿ ಮುಳುಗಿ ಮೆಲ್ಲಗೆ ಸರಿಯುತ್ತಾನೆ. ನೀರೊಳಗಿಂದ ಕಾಲು ಹಿಡಿದು ಎಳೆದರೆ ಮುಗಿಯಿತು. ಪಕ್ಕದ ಹಕ್ಕಿಗೂ ತಿಳಿಯದು.

ಗುರುವಿನ ಕಟ್ಟಳೆ ಒಂದೇ. ಹಕ್ಕಿ ಇಳಿದ ಮೇಲೆ ಒಂದು ತಿಂಗಳು ಯಾರೂ ಹಿಡಿಯಬಾರದು. ದಣಿದು ಬಂದ ಜೀವ.

ಆ ವರ್ಷ ಕೆರೆಯಲ್ಲಿ ಆರು ಗಡಿಗೆ ತೇಲಿದವು.

“ಇವು ಯಾಕೋ ಹಾಲಪ್ಪ?”

“ಆಳ ಎಲ್ಲೈತಿ ಅಂತ ದನ ಕಾಯೋರಿಗೆ ಗುರ್ತು ಇರಲಿ ಅಂತ ಬಿಟ್ಟೀನ್ರೀ.”

ಹಕ್ಕಿ ಇಳಿದ ಐದನೆಯ ದಿನ ಹಾಲಪ್ಪನ ನಾಲಿಗೆಯ ಚಪಲ ಗೆದ್ದಿತು. ಒಂದು ಹೆಣ್ಣು ಹೆಬ್ಬಾತನ್ನು ಎಳೆದ, ಸುಟ್ಟ. ಆದರೆ ತುತ್ತು ಬಾಯಿಗೆ ಹೋಗಲಿಲ್ಲ. ಅದರ ಗಂಡು ಮೇಲೆ ಕೂಗುತ್ತ ಸುತ್ತುತ್ತಿತ್ತು. ಮರುದಿನವೂ ಸುತ್ತಿತು. ಮೂರನೆಯ ದಿನಕ್ಕೆ ಹಾಲಪ್ಪ ಹೊರಗೆ ಬರಲೂ ಅಂಜಿದ.

“ಅಪ್ಪಾರೇ, ಆ ಹಕ್ಕಿ ನಮ್ಮ ಮಠದ ಮ್ಯಾಲೇ ಯಾಕ ಸುತ್ತತೈತ್ರೀ?”

“ಜೋಡಿ ಹುಡುಕತೈತಿ.”

“ಯಾವನೋ ಕಳ್ಳ ಹಿಡಿದಿರಬೇಕ್ರೀ.”

“ಹೌದಪಾ. ಇವತ್ತೂ ನೀರಿಗಿಳೀತಾನ ಅವ.”

ಹಾಲಪ್ಪ ಕೆರೆಯ ಕಡೆ ನೋಡಿದ. ಹಿಡಿದವನು ತಾನು. ಹಾಗಾದರೆ ಇವತ್ತು ಇಳಿಯುವ ಇವನು ಯಾರು?

“ನೋಡಲಿಕ್ಕೆ ಹೆಂಗದಾನ್ರೀ?”

“ಮುಖ ಕಾಣಂಗಿಲ್ಲ. ಇವತ್ತು ಅವ ಸಿಗಲಿಲ್ಲಂದ್ರ ಹಿಂಡು ಏಳತೈತಿ. ಮತ್ತ ಈ ಕೆರಿಗೆ ಇಳಿಯಂಗಿಲ್ಲ. ನೀನ ಹಿಡಕೊಂಡು ಬಾ. ಇವತ್ತು ಏಳು ಗಡಿಗಿ ಇರತಾವ. ಒಂದರ ಕೆಳಗ ಅವ ಇರತಾನ.”

ಗುರುಗಳು ಒಳಗೆ ಹೋಗಿ ಎರಡು ತೂತಿನ ಗಡಿಗೆ ತಂದರು.

“ಇದನ್ನ ಹಾಕ್ಕೊಂಡು ಹೋಗು. ಹಕ್ಕಿ ಬೆದರಬಾರದು.”

ಹಕ್ಕಿ ಹಿಡಿದ ದಿನ ತಾನೇ ಜೊಂಡಿನಲ್ಲಿ ಅಡಗಿಸಿಟ್ಟದ್ದು ಇವರ ಕೈಗೆ ಹೇಗೆ ಬಂತು? ಹಾಲಪ್ಪ ಅದನ್ನು ತಲೆಗೆ ಹಾಕಿಕೊಂಡು ನೀರಿಗಿಳಿದ.

ನೀರು ಮೂಳೆಗೆ ತಾಗುವಷ್ಟು ತಣ್ಣಗಿತ್ತು. ತೂತಿನಿಂದ ನೋಡಿದರೆ ಗಡಿಗೆಗಳು ಮಾತ್ರ. ಗಾಳಿಗೆ ಒಂದು ಇತ್ತ ಸರಿಯಿತು. ಇನ್ನೊಂದು ನಿಂತಿತು. ಯಾಕೆ ನಿಂತಿತು?

ಹತ್ತಿರ ಹೋಗಿ ಎತ್ತಿದ. ಬರಿದು. ಎರಡನೆಯದೂ ಮೂರನೆಯದೂ ಬರಿದು. ಎದೆಯ ಬಡಿತ ಗಡಿಗೆಯೊಳಗೆ ದೊಡ್ಡದಾಗಿ ಕೇಳುತ್ತಿತ್ತು.

ನಾಲ್ಕನೆಯದರ ಹತ್ತಿರ ಏನೋ ಅವನ ಕಾಲಿಗೆ ಸುತ್ತಿಕೊಂಡಿತು. ಹಾಲಪ್ಪ ಉಸಿರು ಬಿಗಿಹಿಡಿದು ನಿಂತ. ಕಳ್ಳ ಎಳೆಯುತ್ತಾನೆ, ಈಗ ಎಳೆಯುತ್ತಾನೆ. ಕೂಗಿದರೂ ಪಕ್ಕದಲ್ಲಿ ಇದ್ದವರಿಗೂ ತಿಳಿಯದು. ಎಷ್ಟು ಹೊತ್ತು ನಿಂತನೋ. ಕೈ ಇಳಿಸಿ ಮುಟ್ಟಿದರೆ ನೀರಬಳ್ಳಿ. ಆ ಗಡಿಗೆಯೂ ಬರಿದು.

ಆ ಒಂಟಿ ಹೆಬ್ಬಾತು ಈಗ ನೀರಿಗಿಳಿದಿತ್ತು. ಮಾರು ದೂರದಲ್ಲಿ ಕತ್ತು ನೆಟ್ಟಗೆ ಮಾಡಿ ಅವನ ಗಡಿಗೆಯ ತೂತನ್ನೇ ನೋಡಿತು. ಉಳಿದ ಆರು ಗಡಿಗೆಗಳಿಗೆ ಅದು ಅಂಜಲಿಲ್ಲ.

ಹಾಲಪ್ಪ ಐದನೆಯದನ್ನು ಎತ್ತಿದ, ಆರನೆಯದನ್ನು ಎತ್ತಿದ. ತಡವರಿಸುತ್ತ ದಂಡೆಗೆ ಬಂದ. ಹಲ್ಲು ಕಟಕಟ ಅನ್ನುತ್ತಿದ್ದವು. ತಲೆಯ ಮೇಲಿನ ಗಡಿಗೆ ತೆಗೆಯಲೂ ಕೈಯಲ್ಲಿ ಕಸುವಿರಲಿಲ್ಲ.

“ಆರೂ ಎತ್ತಿ ನೋಡಿದೆ ಅಪ್ಪಾರೇ. ಯಾರೂ ಇಲ್ಲ.”

ಗುರುಗಳು ಒಣಗಿದ ಪಂಚೆಯನ್ನು ಅವನ ಹೆಗಲಿಗೆ ಹೊದಿಸಿದರು.

“ಏಳನೇದೂ ಎತ್ತಪಾ.”