ಕಪ್ಪೆಚಿಪ್ಪಿನ ದೀಪ

“ಗುರುಗಳೇ, ಒಬ್ಬರ ಮೇಲೆ ಎಷ್ಟು ಅಕ್ಕರೆ ಇಟ್ಟರೆ ಸಾಲುತ್ತದೆ?” ಎಂದು ಸೇಸಪ್ಪ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಅವನ ಮಗಳು ವಾರಿಜಾಳಿಗೆ ಮದುವೆ ನಿಶ್ಚಯವಾಗಿ, ಗಂಡಿನ ಕಡೆಯವರು ಹಿಂದೆ ಸರಿದು, ಒಂದು ಮಳೆಗಾಲ ಕಳೆದಿತ್ತು. ಮೊದಲು ಅವಳು ಮಾತಿನಮಲ್ಲಿ. ಈಗ ಉಣ್ಣುತ್ತಾಳೆ, ಕೆಲಸ ಮಾಡುತ್ತಾಳೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾಳೆ. ಅದರಾಚೆ ತಂದೆಗೆ ಅವಳಿಂದ ಒಂದು ಮಾತೂ ಸಿಗುವುದಿಲ್ಲ.

“ನನ್ನ ಕೈಯಲ್ಲಿ ಆಗುವುದನ್ನೆಲ್ಲ ಮಾಡಿದ್ದೇನೆ. ಸಾಲುತ್ತಿಲ್ಲ,” ಎಂದ ಸೇಸಪ್ಪ. ಬಂದು ಕೂತ ಮೇಲೆ ಅವನು ಆಗಲೇ ಒಂದು ಸಲ ಹೊರಗೆ ಹೋಗಿ ಮನೆಗೆ ಫೋನು ಮಾಡಿ ಬಂದಿದ್ದ.

ಗುರುಗಳು ಕತೆ ಹೇಳಿದರು.

ಕಡಲತೀರದ ಒಂದು ಪೇಟೆಯಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಪಕ್ಕದ್ದು ಒಬ್ಬ ಮೀನಿನವನ ಅಂಗಡಿ. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಮೀನು. ಒಂದು ಚಹಾವನ್ನು ಎರಡು ಮಾಡಿ ಕುಡಿಯುತ್ತಲೇ ಇಬ್ಬರಿಗೂ ತಲೆ ನರೆತಿತ್ತು. ಮೀನಿನವನಿಗೆ ಎದೆಯ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಅವನು ಮೀನುಗಳನ್ನೆಲ್ಲ ಮಾರಿ, ಒಂದು ಜೀವವನ್ನು ಮಾತ್ರ ಮಾರಲು ಮನಸ್ಸಾಗದೆ ಗೆಳೆಯನ ಅಂಗಡಿಗೆ ತಂದಿಟ್ಟ. ಪುಟ್ಟದೊಂದು ತೊಟ್ಟಿ, ಅದರಲ್ಲಿ ಉಪ್ಪುನೀರು, ತಳದಲ್ಲಿ ಅಂಗೈಯಗಲದ ಒಂದು ಕಪ್ಪೆಚಿಪ್ಪು. ನೀರಿನಿಂದ ಎರಡು ಗೇಣು ಮೇಲೆ ಒಂದು ದೀಪ ತೂಗುತ್ತಿತ್ತು.

“ಇದು ಸಾರಿಗೆ ಹಾಕುವ ಮರುವಾಯಿ ಚಿಪ್ಪು ಅಲ್ಲ ಮಾರಾಯ,” ಎಂದ ಮೀನಿನವನು. “ಮರುವಾಯಿ ಕೆಸರಲ್ಲಿ ಹುಗಿದುಕೊಂಡು ಬದುಕ್ತದೆ, ಅದಕ್ಕೆ ಕತ್ತಲೆಯಾದ್ರೂ ಎಂತದೂ ಇಲ್ಲ. ಇದು ಹವಳದ ದಿಬ್ಬದ ಜಾತಿ. ಇದರ ತುಟಿಯೊಳಗೆ ಕಣ್ಣಿಗೆ ಕಾಣದ ಪಾಚಿ ಉಂಟು. ಬೆಳಕು ಬಿದ್ರೆ ಪಾಚಿ ಅಡುಗೆ ಮಾಡ್ತದೆ, ಇದು ಉಣ್ತದೆ. ಬೆಳಕಿಲ್ಲದಿದ್ರೆ ಉಪವಾಸ. ಬೆಳಿಗ್ಗೆ ದೀಪ ಹಾಕು, ಸಂಜೆ ಆರಿಸು. ನೀರು ಆರಿದಷ್ಟಕ್ಕೆ ಸಿಹಿನೀರು ತುಂಬು. ದೀಪವನ್ನು ಮೇಲೆ ಕೆಳಗೆ ಮಾಡ್ಬೇಡ.”

“ಅದು ಚೆನ್ನಾಗುಂಟು ಅಂತ ನನಗೆ ಗೊತ್ತಾಗುವುದು ಹೇಗೆ?”

“ತುಟಿ ಹರಡಿಕೊಂಡಿದ್ರೆ ಚೆನ್ನಾಗುಂಟು. ನಾನು ಬರುವಾಗಲೂ ಹಾಗೇ ಇರ್ಲಿ.”

ಇಷ್ಟು ಹೇಳಿ ಅವನು ಆಸ್ಪತ್ರೆಗೆ ಹೋದ. ಗಡಿಯಾರದವನ ತಲೆಗೆ ಒಂದು ಹುಚ್ಚು ಹೊಕ್ಕಿತು. ಈ ಚಿಪ್ಪು ಉಳಿದರೆ ಗೆಳೆಯ ಉಳಿಯುತ್ತಾನೆ, ಇದು ಹೋದರೆ ಅವನೂ ಹೋಗುತ್ತಾನೆ. ಬುಡ ತುದಿ ಇಲ್ಲದ ಮಾತು. ಆದರೆ ಹೆದರಿಕೆಗೆ ಬುಡ ತುದಿ ಯಾವಾಗ ಬೇಕಾಗಿತ್ತು? ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಬೆಳಿಗ್ಗೆ ದೀಪ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಚಿಪ್ಪು ತುಟಿ ಹರಡಿತೇ ಎಂದು ಬಗ್ಗಿ ನೋಡಿದ. ಮುಚ್ಚಿತ್ತು. ಒಂದು ಕೈಗಡಿಯಾರ ಬಿಚ್ಚಿಟ್ಟು, ಎದ್ದು ಬಂದು ಬಗ್ಗಿ ನೋಡಿದ. ಮುಚ್ಚಿತ್ತು. ಗಿರಾಕಿಗೆ ಚಿಲ್ಲರೆ ಕೊಟ್ಟು ಬಂದು ನೋಡಿದ. ಆಗಲೂ ಮುಚ್ಚಿತ್ತು. ಪಕ್ಕದ ಗಾಜಿನಿಂದ ನೋಡಬಹುದಿತ್ತು. ಆದರೆ ಗಡಿಯಾರದವನು ಜೀವಮಾನದಲ್ಲಿ ಯಾವುದನ್ನೂ ಪಕ್ಕದಿಂದ ನೋಡಿ ತಿಳಿದುಕೊಂಡವನಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ವಸ್ತುವಿನ ಮೇಲಕ್ಕೇ ತಲೆ ತಂದು ನೋಡುವುದು ಅವನ ಕಸುಬು. ಗಡಿಯಾರ ಅದಕ್ಕೆ ಬೇಸರಪಡುವುದಿಲ್ಲ. ನೋಡಿದಷ್ಟೂ ಅದರ ದೋಷ ಸಿಗುತ್ತದೆ.

“ಒಳ್ಳೆಯ ಮನುಷ್ಯ, ಗುರುಗಳೇ,” ಎಂದ ಸೇಸಪ್ಪ.

“ಒಳ್ಳೆಯವನೇ. ಅದೇ ಕಷ್ಟ,” ಎಂದು ಗುರುಗಳು ಮುಂದುವರಿಸಿದರು.

ಬೆಳಕು ಸಾಲದು ಎಂದುಕೊಂಡ ಗಡಿಯಾರದವನು, ಗೆಳೆಯನ ಮಾತು ಮೀರಿ ದೀಪವನ್ನು ಕೆಳಗಿಳಿಸಿದ. ಅದೂ ಸಾಲದೆಂದು ತನ್ನ ಮೇಜಿನ ದೀಪವನ್ನು ತಂದು ತೊಟ್ಟಿಯ ಮೇಲೆ ಬಾಗಿಸಿದ. ಹಸಿದು ಬಿದ್ದವನ ಮುಂದೆ ಒಮ್ಮೆಲೇ ಮದುವೆ ಊಟ ಬಡಿಸಿದ ಹಾಗಾಯಿತು. ಎರಡು ಮೂರು ದಿನಗಳಲ್ಲಿ ಚಿಪ್ಪಿನ ಸಂದಿಯಲ್ಲಿ ಕಾಣುತ್ತಿದ್ದ ನೀಲಿ ತುಟಿಯ ಅಂಚು ಬಿಳಿಚಿಕೊಂಡಿತು. ಬಿಳಿಚಿದ್ದನ್ನು ಕಂಡು ಅವನು ಇನ್ನಷ್ಟು ಸಲ ಬಗ್ಗಿದ.

ಆಸ್ಪತ್ರೆಯಿಂದ ಮೀನಿನವನ ಹೆಂಡತಿ ಫೋನು ಮಾಡಿದಳು. “ನಾಳೆ ಆಪರೇಶನ್. ಚಿಪ್ಪು ಹೇಗುಂಟು ಅಂತ ಕೇಳ್ತಿದ್ದಾರೆ.”

“ಚೆನ್ನಾಗುಂಟು ಅನ್ನಿ,” ಎಂದ. ಆ ಸುಳ್ಳು ಹೇಳಿದ ಮೇಲೆ ಅವನಿಗೆ ಚಹಾ ಸೇರಲಿಲ್ಲ.

ಮರುದಿನ ತೊಟ್ಟಿಯ ಹತ್ತಿರ ಹೋಗುವ ಧೈರ್ಯವೇ ಅವನಿಗಿರಲಿಲ್ಲ. ತೂಗುದೀಪವನ್ನು ಗೆಳೆಯ ಇಟ್ಟಿದ್ದ ಕೊಂಡಿಗೇ ಏರಿಸಿದ. ಮೇಜಿನ ದೀಪವನ್ನು ಮೇಜಿಗೆ ತಂದ. ಇನ್ನು ನಿನ್ನ ಹಣೆಬರಹ ಎಂದು ಚಿಪ್ಪಿಗೂ ಗೆಳೆಯನಿಗೂ ಸೇರಿಸಿ ಹೇಳಿ, ತೊಟ್ಟಿಗೆ ಬೆನ್ನು ಹಾಕಿ ಕೂತ. ಎದುರಿನ ಗೋಡೆಗೆ ಒರಗಿಸಿದ್ದ ದೊಡ್ಡ ಗೋಡೆಗಡಿಯಾರದ ಕೆಲಸ ಹಿಡಿದ. ಮಧ್ಯಾಹ್ನದವರೆಗೆ ಹಿಂದಕ್ಕೆ ತಿರುಗಲಿಲ್ಲ. ಒಳ್ಳೆಯ ಸುದ್ದಿಯೂ ಬರಲಿಲ್ಲ, ಕೆಟ್ಟ ಸುದ್ದಿಯೂ ಬರಲಿಲ್ಲ.

ಕೆಲಸ ಮುಗಿದು ಗಡಿಯಾರದ ಗಾಜು ಒರೆಸುವಾಗ ಅದರಲ್ಲಿ ಏನೋ ನೀಲಿ ಕಂಡಿತು. ಕಲೆಯೆಂದು ಮತ್ತೊಮ್ಮೆ ಒರೆಸಿದ. ಹೋಗಲಿಲ್ಲ. ಕಲೆಯಲ್ಲ ಅದು, ಅವನ ಬೆನ್ನ ಹಿಂದಿನ ತೊಟ್ಟಿ. ಗಡಿಯಾರದ ಗಾಜಿನೊಳಗೆ ಚಿಪ್ಪು ತನ್ನ ತುಟಿಯನ್ನು ಎರಡೂ ಕಡೆಗೆ ಹರಡಿಕೊಂಡು, ದೀಪದ ಕೆಳಗೆ ನೆಮ್ಮದಿಯಿಂದ ಉಣ್ಣುತ್ತಿತ್ತು.

ಅವನು ಸಂತೋಷ ತಡೆಯಲಾರದೆ ಎದ್ದು ಓಡಿ ಹೋಗಿ ಬಗ್ಗಿದ. ಅವನ ತಲೆಯ ನೆರಳು ನೀರಿನ ಮೇಲೆ ಬಿತ್ತು. ಚಿಪ್ಪು ಟಪ್ಪನೆ ಮುಚ್ಚಿಕೊಂಡಿತು. ಅದರ ತುಟಿಯ ಅಂಚಿನುದ್ದಕ್ಕೂ ಸಾಸಿವೆಗಿಂತ ಸಣ್ಣ ಕಣ್ಣುಗಳಿವೆ. ಮೇಲೆ ನೆರಳು ಬಿದ್ದರೆ ಶತ್ರು ಬಂದನೆಂದೇ ಅದಕ್ಕೆ ಅರ್ಥ.

ಗಡಿಯಾರದವನಿಗೆ ನಾಚಿಕೆಯಾಯಿತು. ನಗುವೂ ಬಂತು. ಇಷ್ಟು ದಿನ ಊಟವಾಯಿತೇ ಎಂದು ಕೇಳಿ ಕೇಳಿ, ಕೇಳುವಾಗಲೆಲ್ಲ ಅದರ ಮುಂದಿನ ಊಟದ ಎಲೆ ಎಳೆದುಕೊಂಡವನು ತಾನೇ. ಅವನು ಮೆಲ್ಲಗೆ ಹಿಂದಕ್ಕೆ ಹೋಗಿ ಕೂತ. ಕಾದ. ಗಡಿಯಾರದ ಗಾಜಿನಲ್ಲಿ ನೀಲಿ ಮತ್ತೆ ಹರಡಿಕೊಳ್ಳುತ್ತಿದ್ದಾಗ ಫೋನು ಬಂತು. ಗೆಳೆಯನಿಗೆ ಎಚ್ಚರವಾಗಿದೆ, ನೀರು ಕೇಳಿದ್ದಾನೆ ಎಂದಳು ಅವನ ಹೆಂಡತಿ. ಗಡಿಯಾರದವನು ಅಂಗಡಿಯಲ್ಲೇ ಕೂತು ಅತ್ತ.

ಅಂದಿನಿಂದ ಅವನು ಚಿಪ್ಪನ್ನು ಆ ಗಾಜಿನಲ್ಲಿ ಕಂಡಷ್ಟೇ ನೋಡಿದ. ಗಡಿಯಾರದ ಯಜಮಾನ ಬಂದು ಕೇಳಿದಾಗಲೆಲ್ಲ, ಸರಿಯಾಗಿ ಓಡುತ್ತಿದ್ದ ಗಡಿಯಾರವನ್ನು ಇನ್ನೂ ಸ್ವಲ್ಪ ಕೆಲಸ ಉಂಟು ಎಂದು ಕೊಡದೆ ಸತಾಯಿಸಿದ. ಚಿಪ್ಪಿನ ತುಟಿಗೆ ಬಣ್ಣ ಮರಳಿತು. ಚಿಪ್ಪಿನ ಅಂಚಿನಲ್ಲಿ ಹೊಸದಾಗಿ ಬೆಳೆದ ಬಿಳಿಯ ಗೆರೆ ಮೂಡಿತು. ಒಂದು ದಿನ ಮೀನಿನವನೇ ಬಂದ. ಇಳಿದುಹೋಗಿದ್ದ, ಆದರೆ ತನ್ನ ಕಾಲ ಮೇಲೆ ನಡೆದು ಬಂದಿದ್ದ. ಹೊಸ್ತಿಲಲ್ಲೇ ನಿಂತು ದೂರದಿಂದ ತೊಟ್ಟಿ ನೋಡಿದ.

“ಬೆಳೆದಿದೆ ಮಾರಾಯ. ಹೇಗೆ ಸಾಕಿದೆ?”

“ಬೆನ್ನು ಹಾಕಿ,” ಎಂದ ಗಡಿಯಾರದವನು. ಅಂದು ಬಹಳ ದಿನಗಳ ಮೇಲೆ ಅವರು ಒಂದು ಚಹಾವನ್ನು ಎರಡು ಮಾಡಿ ಕುಡಿದರು.

ಗುರುಗಳು ಕತೆ ನಿಲ್ಲಿಸಿದರು. ಸೇಸಪ್ಪನಿಗೆ ಗೆಳೆಯ ಉಳಿದನೆಂದು ಸಮಾಧಾನವಾಯಿತು. ಮಗಳು ಏನು ಮಾಡುತ್ತಿದ್ದಾಳೋ ಎಂದು ಜೇಬಿನಿಂದ ಫೋನು ತೆಗೆಯುತ್ತ ಅವನು ಕೇಳಿದ, “ಹಾಗಾದರೆ ಆ ಚಿಪ್ಪಿಗೆ ಎಷ್ಟು ಬೆಳಕು ಬೇಕಿತ್ತು, ಗುರುಗಳೇ?”

“ಮೊದಲು ಇದ್ದಷ್ಟೇ ಸಾಕಿತ್ತು, ಸೇಸಪ್ಪ. ನಿನ್ನ ತಲೆಯೊಂದು ಹೆಚ್ಚಾಗಿತ್ತು.”

ಸೇಸಪ್ಪ ಮನೆಗೆ ಫೋನು ಮಾಡದೆ ಅದನ್ನು ಜೇಬಿಗೆ ಹಾಕಿದ.