ಏಳನೇ ಕಲ್ಲು

ಪುಟ್ಟಮಾದಯ್ಯ ಮೇಷ್ಟ್ರ ಹತ್ತಿರ ಕಲಿಯಲು ಹೋದವರಿಗೆ ಮೊದಲ ದಿನ ಸಿಗುತ್ತಿದ್ದದ್ದು ಒಂದು ಹಲಗೆ, ಏಳು ಕಲ್ಲು, ಎರಡು ಬಿದಿರಿನ ಮಂಕರಿ. ನೋಟ್ಸು ಗೀಟ್ಸು ಏನೂ ಇಲ್ಲ.

ನಾನೂ ಹೋದವನೇ. ಹದಿನೈದು ದಿನಕ್ಕೆ ಸಾಕಪ್ಪಾ ಸಾಕು ಅಂತ ವಾಪಸು ಬಂದೆ. ಹಾಗಾಗಿ ಈ ಕಥೆ ನನ್ನದಲ್ಲ, ನನ್ನ ನಂತರ ಬಂದು ಅಲ್ಲೇ ಉಳಿದವನದು. ಅವನ ಹೆಸರು ಚೆಲುವರಾಜು. ನನಗೆ ಇದನ್ನೆಲ್ಲ ಹೇಳಿದವನೂ ಅವನೇ.

ಮೇಷ್ಟ್ರು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಹೊಳೆ ದಂಡೆಯ ಮೇಲೆ ಒಂದು ಶೀಟಿನ ಮನೆ ಕಟ್ಟಿಕೊಂಡು ಒಬ್ಬರೇ ಇದ್ದರು. ಯಾರು ಬಂದರೂ ಬೇಡ ಅನ್ನುತ್ತಿರಲಿಲ್ಲ. ಬಂದವರು ನೀರು ತರಬೇಕು, ಅಡುಗೆ ಮಾಡಬೇಕು, ಮಾತು ಕಡಿಮೆ ಆಡಬೇಕು.

ಆ ಮನೆಗೆ ಒಂದು ತಗಡಿನ ಬಾಗಿಲು. ಹಾಕಿದರೆ ಊರಿಗೇ ಕೇಳುತ್ತಿತ್ತು. ನಾನು ಅದನ್ನು ಹಾಕಿದಾಗಲೆಲ್ಲ ಮೇಷ್ಟ್ರು ಕತ್ತೆತ್ತಿ ನೋಡುತ್ತಿದ್ದರು. ಆ ನೋಟ ಇವತ್ತಿಗೂ ಮರೆತಿಲ್ಲ.

ಚೆಲುವರಾಜು ಬಂದ ಮೇಲೆ ಬಾಗಿಲು ಸದ್ದು ಮಾಡುವುದನ್ನು ನಿಲ್ಲಿಸಿತು. ಅವನು ಅದನ್ನು ಸ್ವಲ್ಪ ಮೇಲೆತ್ತಿ, ಚೌಕಟ್ಟಿಗೆ ತಂದು, ಬೆರಳು ಅಡ್ಡ ಇಟ್ಟು ಮೆಲ್ಲಗೆ ಬಿಡುತ್ತಿದ್ದ.

ಅಡುಗೆಯಲ್ಲಿ ಮಾತ್ರ ಅವನದು ದೊಡ್ಡ ದೋಷ. ಅನ್ನ ಮಾಡು ಅಂದರೆ ಗಂಜಿ ಮಾಡಿಡುತ್ತಿದ್ದ. ಮೇಷ್ಟ್ರು ಮಾತಾಡದೆ ಉಣ್ಣುತ್ತಿದ್ದರು.

ಅವನು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹತ್ತು ವರ್ಷ ಯಂತ್ರ ನಡೆಸಿದವನು. ಆ ಕಡೆಯವರ ಭಾಷೆಯಲ್ಲಿ ಗಟ್ಟಿ ಇದ್ದು ಹೊಳಪು ಬಂದರೆ ಸಾಕು, ಎಲ್ಲವೂ ಗ್ರಾನೈಟೇ. ಕರಿಯದು ಕರಿ ಗ್ರಾನೈಟು, ಕೆಂಪಿನದು ಕೆಂಪು ಗ್ರಾನೈಟು. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳುವುದಿಲ್ಲ.

ಇಲ್ಲಿಗೆ ಯಾಕೆ ಬಂದೆ ಅಂತ ಮೇಷ್ಟ್ರು ಕೇಳಿದ್ದಕ್ಕೆ, ಹತ್ತು ವರ್ಷ ಕಲ್ಲು ಕೊಯ್ದಿದ್ದೇನೆ, ಒಂದರ ಹುಟ್ಟೂ ಗೊತ್ತಿಲ್ಲ ಅಂದ. ಅದು ನಿಜವೇ.

ಹೇಳದೆ ಉಳಿಸಿಕೊಂಡ ಇನ್ನೊಂದು ನಿಜವಿತ್ತು. ಅವನ ಹೆಂಡತಿ ಮಂಗಳ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಎಂಟು ವರ್ಷದ ಮಗಳು ಸಿಂಚು ಮಳವಳ್ಳಿಯಲ್ಲಿ ಅಜ್ಜಿ ತಾತನ ಮನೆಯಲ್ಲಿದ್ದಳು. ಬರಿ ಮನೆಯಲ್ಲಿ ಒಬ್ಬನೇ ಕೂರಲಾರದೆ ರಜೆ ಹಾಕಿ ಬಂದಿದ್ದ.

ಮೇಷ್ಟ್ರು ಹಲಗೆ ಮುಂದಿಟ್ಟರು. ಬೆಂಕಿಯಲ್ಲಿ ಕರಗಿ ಆಮೇಲೆ ತಣಿದು ಗಟ್ಟಿಯಾದದ್ದು ಮೊದಲ ಮಂಕರಿಗೆ, ಅದು ಅಗ್ನಿಶಿಲೆ. ಹುಟ್ಟಿದ್ದು ಒಂದಾಗಿ, ಕಾಲಕ್ರಮದಲ್ಲಿ ಇನ್ನೊಂದಾದದ್ದು ಎರಡನೇ ಮಂಕರಿಗೆ, ಅದು ರೂಪಾಂತರ ಶಿಲೆ. ವಿಂಗಡಿಸು ಅಂದರು. ಆಮೇಲೆ ತಮ್ಮ ಪಾಡಿಗೆ ಸೊಪ್ಪು ಬಿಡಿಸುತ್ತಾ ಕೂತರು.

ಮೊದಲ ವಾರವೆಲ್ಲ ಅವನು ತಪ್ಪಿದ್ದೇ ತಪ್ಪಿದ್ದು.

ಕರೀ ಕಲ್ಲೊಂದಿತ್ತು. ಎಷ್ಟು ನೋಡಿದರೂ ಅದರಲ್ಲಿ ಹರಳು ಕಾಣದು. ಪಕ್ಕದ ಗ್ರಾನೈಟಿನಲ್ಲಿ ಹರಳು ಜೋಳದ ಕಾಳಿನಷ್ಟು. ಎರಡೂ ಬೆಂಕಿಯ ಮಕ್ಕಳೇ ಆದರೆ ಹೀಗೇಕೆ ಅಂತ ಅವನು ಕೇಳಿದ. ಮೇಷ್ಟ್ರು ಎದ್ದು ಹೋಗಿ ಒಂದು ಕೈಯಲ್ಲಿ ಕಲ್ಲುಸಕ್ಕರೆ, ಇನ್ನೊಂದು ಕೈಯಲ್ಲಿ ಮಾಮೂಲಿ ಸಣ್ಣ ಸಕ್ಕರೆ ತಂದರು.

"ಎರಡೂ ಕಬ್ಬಿನ ಪಾಕವೇ," ಅಂದರು. "ಇದಕ್ಕೆ ಪುರುಸೊತ್ತು ಇತ್ತು. ಇದಕ್ಕೆ ಇರಲಿಲ್ಲ."

ನೆಲದ ಆಳದಲ್ಲಿ ನಿಧಾನಕ್ಕೆ ತಣಿದದ್ದು ದೊಡ್ಡ ಹರಳು ಕಟ್ಟುತ್ತದೆ, ಮೇಲೆ ಉಕ್ಕಿ ಬಂದು ಬೇಗ ತಣಿದದ್ದು ಹರಳೇ ಕಾಣದಷ್ಟು ಸಣ್ಣಗಾಗುತ್ತದೆ. ಅಷ್ಟು ಅರ್ಥವಾಯಿತು. ಚೆಲುವರಾಜು ಕರೀ ಕಲ್ಲನ್ನು ಮೊದಲ ಮಂಕರಿಗೆ ಹಾಕಿ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡ.

ಅಮೃತಶಿಲೆ ಒಂದು ಕಾಲಕ್ಕೆ ಸುಣ್ಣದಕಲ್ಲು ಅಂತ ತಿಳಿಯಿತು. ಸ್ಲೇಟಿನ ಕಲ್ಲು ಒಂದು ಕಾಲಕ್ಕೆ ಬರೀ ಕೆಸರು. ಅವೆರಡೂ ಎರಡನೇ ಮಂಕರಿಗೆ ಬಿದ್ದವು. ಮೂರನೇ ವಾರದ ಹೊತ್ತಿಗೆ ಆರು ಕಲ್ಲು ಸರಿಯಾದ ಕಡೆ ಸೇರಿದವು.

ಏಳನೆಯದು ಮಾತ್ರ ಸೇರಲಿಲ್ಲ.

ಅದು ಮುಷ್ಟಿ ಗಾತ್ರದ ಕಲ್ಲು. ಬಿಳಿ, ನಸುಗೆಂಪು, ಅಲ್ಲಲ್ಲಿ ಕಪ್ಪು ಕಾಗೆಬಂಗಾರದ ಮಿಣುಕು. ಚೆಲುವರಾಜು ಕಣ್ಣುಮುಚ್ಚಿ ಹೇಳುತ್ತಿದ್ದ, ಗ್ರಾನೈಟು ಅಂತ. ಮೊದಲ ಮಂಕರಿಗೇ ಹಾಕುತ್ತಿದ್ದ, ಎರಡನೆಯದಕ್ಕೆ ಹಾಕಲು ಮನಸ್ಸು ಒಪ್ಪುತ್ತಿರಲಿಲ್ಲ. ಮೇಷ್ಟ್ರು ತೆಗೆದು ಮತ್ತೆ ಹಲಗೆಯ ಮೇಲೆ ಇಡುತ್ತಿದ್ದರು.

ಒಂದು ದಿನ ಅವನಿಗೆ ರೇಗಿತು. ನಾನು ಹತ್ತು ವರ್ಷ ಇದನ್ನೇ ಕೊಯ್ದವನು ಮೇಷ್ಟ್ರೇ ಅಂದ.

"ಕೊಯ್ದಿದ್ದೀಯ," ಅಂದರು ಮೇಷ್ಟ್ರು. ಕಲ್ಲು ಹಲಗೆಗೆ ಬಂತು.

ಆ ಶನಿವಾರ ಬೆಳಿಗ್ಗೆ ಅವನ ಮಾವ ಫೋನು ಮಾಡಿದರು. ಶಾಲೆ ಶುರುವಾಗುವ ಕಾಲ ಬಂತು, ಸಿಂಚುವನ್ನು ಮಳವಳ್ಳಿಯಲ್ಲೇ ಸೇರಿಸುತ್ತೇವೆ, ಸೋಮವಾರದೊಳಗೆ ಹೂಂ ಅನ್ನು, ಹಳೇ ಶಾಲೆಯಿಂದ ಟಿ.ಸಿ. ತಂದುಕೊಡು ಅಂದರು. ಒಳ್ಳೆಯ ಮನುಷ್ಯ. ಗದರಲಿಲ್ಲ, ದೂರಲಿಲ್ಲ.

ಆಮೇಲೆ ಅತ್ತೆ ಫೋನು ತೆಗೆದುಕೊಂಡರು. ಅಪ್ಪನ ಹತ್ತಿರ ಹೋಗ್ತೀಯಾ ಅಂತ ಮಗುವನ್ನು ಕೇಳಿದ್ದರಂತೆ. ಮಗು, ಅಮ್ಮ ಹೋದಾಗ ಅಪ್ಪ ಅಳಲೇ ಇಲ್ಲ ಅಜ್ಜಿ, ಅಪ್ಪನಿಗೆ ಅಮ್ಮ ಇಷ್ಟ ಇರಲಿಲ್ವಾ ಅಂತ ಕೇಳಿತಂತೆ.

ಅವನು ಇದನ್ನು ಹೇಳಿದಾಗ ನನಗೇ ಕೇಳಲು ಕಷ್ಟವಾಯಿತು. ಅವನಿಗೆ ಹೇಗಾಗಿರಬೇಡ.

ಅವನು ಬಟ್ಟೆ ಮಡಚಿ ಚೀಲಕ್ಕೆ ತುಂಬಿ ಮೇಷ್ಟ್ರ ಮುಂದೆ ಬಂದು ನಿಂತ. ನಡೆದದ್ದನ್ನೆಲ್ಲ ಮೊದಲ ಸಲ ಬಾಯಿ ಬಿಟ್ಟು ಹೇಳಿದ. ಮಾವನಿಗೆ ಹೂಂ ಅಂದುಬಿಡುತ್ತೇನೆ ಅಂದ.

"ನನ್ನ ಜೊತೆ ಇರೋದಕ್ಕಿಂತ ಅವಳು ಅಲ್ಲೇ ಚೆನ್ನಾಗಿರ್ತಾಳೆ ಮೇಷ್ಟ್ರೇ. ಎಲ್ಲರೂ ಬಿದ್ದು ಹೊರಳಿ ಅತ್ತರು. ನಾನು ಚಾಪೆ ಹಾಸಿದೆ, ಬಂದವರಿಗೆ ನೀರು ಕೊಟ್ಟೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನನ್ನೊಳಗೆ ಏನೂ ಇಲ್ಲವೇನೋ."

ಮೇಷ್ಟ್ರು ಸಮಾಧಾನ ಹೇಳಲಿಲ್ಲ. ಏಳನೇ ಕಲ್ಲು ತಗೋ, ಆ ಚೊಂಬನ್ನೂ ತಗೋ ಅಂದು ಚಪ್ಪಲಿ ಮೆಟ್ಟಿಕೊಂಡರು. ಚೆಲುವರಾಜು ಬಾಗಿಲನ್ನು ಎತ್ತಿ, ಬೆರಳು ಅಡ್ಡ ಇಟ್ಟು ಮುಚ್ಚಿ ಹಿಂದೆ ನಡೆದ.

ಮೇಷ್ಟ್ರಿಗೆ ಮಂಡಿ ನೋವು. ಹೊಳೆಗೆ ಇಳಿಯಲು ಬಹಳ ಹೊತ್ತು ಹಿಡಿಯಿತು. ಬೇಸಿಗೆ, ನೀರು ಒಂದು ಬದಿಗೆ ಸರಿದಿತ್ತು. ಹೊಳೆಯ ನಡುವೆ ಎರಡು ಲಾರಿಯಷ್ಟು ಉದ್ದದ ಬಂಡೆ, ಮೈಯೆಲ್ಲ ಒಣಗಿದ ಕೆಸರಿನ ಧೂಳು ಹೊತ್ತು ಬೂದಿ ಬಣ್ಣಕ್ಕೆ ತಿರುಗಿ ಮಲಗಿತ್ತು. ಮೂರು ವಾರದಿಂದ ಚೆಲುವರಾಜು ಬಟ್ಟೆ ಒಗೆದದ್ದು ಅದರ ಪಕ್ಕದಲ್ಲೇ.

"ಏನು ಕಾಣ್ತದೆ?"

"ಬಂಡೆ."

"ನೀರು ಹಾಕು."

ಅವನು ಒಂದು ಚೊಂಬು ನೀರು ಹಾಕಿ ಕೈಯಿಂದ ಉಜ್ಜಿದ. ಧೂಳು ಹೋದ ಜಾಗದಲ್ಲಿ ಒಂದು ಕಪ್ಪು ಪಟ್ಟೆ ಎದ್ದಿತು. ಅದರ ಪಕ್ಕ ಬಿಳಿ. ಮತ್ತೆ ಕಪ್ಪು. ಅವನು ಇನ್ನೊಂದು ಚೊಂಬು ತಂದ. ಪಟ್ಟೆ ಮುಂದಕ್ಕೆ ಹೋಗುತ್ತಿತ್ತು. ಆಮೇಲೆ ಎಷ್ಟು ಚೊಂಬು ಹಾಕಿದನೋ ಅವನಿಗೇ ಗೊತ್ತಿಲ್ಲ. ಬಂಡೆಯ ಉದ್ದಕ್ಕೂ ಕಪ್ಪು ಬಿಳಿ ಪಟ್ಟೆಗಳು ಬಾಗಿ, ಮಡಚಿ, ಮತ್ತೆ ನೆಟ್ಟಗಾಗಿ ಹರಿದಿದ್ದವು. ಹಿಂಡಿ ಹಾಕಿದ ಸೀರೆಯ ಅಂಚಿನ ಹಾಗಿತ್ತು.

ಒಂದು ಅಗಲವಾದ ಬಿಳಿ ಪಟ್ಟೆಯ ನಡುವೆ ಮುಷ್ಟಿಯಷ್ಟು ಗುಳಿ ಇತ್ತು. ಮೇಷ್ಟ್ರು ಏಳನೇ ಕಲ್ಲನ್ನು ಅದರೊಳಗೆ ಇಟ್ಟರು. ಸರಿಯಾಗಿ ಕೂತಿತು.

ಚೆಲುವರಾಜು ಬಗ್ಗಿ ನೋಡುತ್ತಲೇ ಇದ್ದ. ಅಷ್ಟು ಚಿಕ್ಕ ಚೂರಿನಲ್ಲಿ ಬಿಳಿ ಪಟ್ಟೆಯ ಹೊಟ್ಟೆಭಾಗ ಮಾತ್ರ ಬಂದಿತ್ತು. ಮಿಕ್ಕದ್ದೆಲ್ಲ ಇಲ್ಲೇ ಉಳಿದಿತ್ತು.

ಹಾಗಾದರೆ ಇದು ಎಂದೂ ಗ್ರಾನೈಟ್ ಆಗಿರಲೇ ಇಲ್ಲವೇ ಅಂತ ಕೇಳಿದ.

"ಗ್ರಾನೈಟೇ," ಅಂದರು ಮೇಷ್ಟ್ರು. "ನೀನು ಅಷ್ಟರ ಮಟ್ಟಿಗೆ ಸರಿ. ಬೆಂಕಿಯಲ್ಲೇ ಹುಟ್ಟಿತು. ಆಮೇಲೆ ಇದರ ಮೇಲೆ ಬೆಟ್ಟ ಬಂದು ಕೂತಿತು."

"ಆ ಭಾರಕ್ಕೆ, ಆ ಶಾಖಕ್ಕೆ ಕರಗಿತಾ?"

"ಕರಗಿದ್ದರೆ ಹಳೆಯದೆಲ್ಲ ಕಳ್ಕೊಂಡು ಹೊಸ ಕಲ್ಲಾಗಿ ಬರ್ತಿತ್ತು. ಮೊದಲ ಮಂಕರಿಗೆ ಹೋಗ್ತಿತ್ತು. ಇದು ಕರಗಲಿಲ್ಲ. ಗಟ್ಟಿಯಾಗಿ ಇದ್ದುಕೊಂಡೇ, ಒಳಗೆ ಒಂದೊಂದು ಹರಳೂ ಹೊರಳಿ ಮಲಗಿತು. ಈ ಪಟ್ಟೆಗಳು ಆ ಭಾರದ ಗುರುತು. ಪುಸ್ತಕದಲ್ಲಿ ಇದನ್ನ ನೈಸ್ ಶಿಲೆ ಅಂತಾರೆ."

ಚೆಲುವರಾಜು ಬಂಡೆಯ ಮೇಲೆ ಕೂತುಬಿಟ್ಟ. ಮೇಷ್ಟ್ರೂ ಕಷ್ಟಪಟ್ಟು ಪಕ್ಕದಲ್ಲಿ ಕೂತರು. ಮಂಡಿ ಉಜ್ಜಿಕೊಳ್ಳುತ್ತಾ ಕೇಳಿದರು.

"ನನ್ನ ಬಾಗಿಲು ಎಲ್ಲರ ಕೈಯಲ್ಲೂ ಬಡ್ಕೊಳ್ತದೆ. ನಿನ್ನ ಕೈಯಲ್ಲಿ ಯಾಕೆ ಸುಮ್ಮನಿರ್ತದೆ?"

ಅವನು ಯೋಚಿಸಬೇಕಾಯಿತು. ತಾನು ಹಾಗೆ ಮಾಡುತ್ತೇನೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

"ನಾನು ಕೆಲಸದಿಂದ ಬರೋ ಹೊತ್ತಿಗೆ ಮಂಗಳಂಗೆ ಆಗ ತಾನೇ ನಿದ್ದೆ ಹತ್ತಿರ್ತಿತ್ತು," ಅಂದ. "ಎಚ್ಚರವಾದರೆ ನೋವು ಶುರುವಾಗ್ತಿತ್ತು."

"ಎಷ್ಟು ದಿನ ಮಲಗಿದ್ದಳು?"

"ಹದಿನಾಲ್ಕು ತಿಂಗಳು."

"ಅನ್ನ?"

"ಮೆತ್ತಗಿಲ್ಲದಿದ್ದರೆ ಗಂಟಲಲ್ಲಿ ಇಳೀತಿರಲಿಲ್ಲ."

"ಅದಕ್ಕೂ ಮೊದಲು ಬಾಗಿಲು ಹೇಗೆ ಹಾಕ್ತಿದ್ದೆ?"

"ಕಾಲಲ್ಲಿ ಒದೀತಿದ್ದೆ," ಅಂದ. "ಅವಳು ಒಳಗಿಂದ ಬೈತಿದ್ದಳು."

ಅಳುತ್ತಾನೇನೋ ಅಂತ ನೀವು ಅಂದುಕೊಂಡಿರಬಹುದು. ನಾನೂ ಅಂದುಕೊಂಡೆ. ಅಳಲಿಲ್ಲವಂತೆ. ಕಣ್ಣು ಒಣಗಿಯೇ ಇತ್ತು. ಒದ್ದೆ ಬಂಡೆಯ ಮೇಲೆ ಅಂಗೈ ಊರಿ, ಒಂದು ಕಪ್ಪು ಪಟ್ಟೆಯ ಮೇಲೆ ಬೆರಳು ಎಳೆದುಕೊಂಡು ಹೋದ, ಅದು ಮಡಚಿದ ಕಡೆ ತಾನೂ ತಿರುಗಿಸಿಕೊಂಡು. ಆ ಹೊತ್ತಿನಲ್ಲಿ ಮಗಳು ಬೇಕು ಅನ್ನಿಸಿತಂತೆ. ಇನ್ನಿಲ್ಲದ ಹಾಗೆ ಬೇಕು ಅನ್ನಿಸಿತಂತೆ.

ಅಷ್ಟರಲ್ಲಿ ಬಿಸಿಲಿಗೆ ಬಂಡೆ ಆರತೊಡಗಿತು. ತುದಿಯ ಪಟ್ಟೆಗಳು ಮಸುಕಾದವು.

ಅದನ್ನು ನೋಡಿ ಅವನಿಗೆ ದಿಗಿಲಾಯಿತು. ಒಣಗಿದರೆ ಮತ್ತೆ ಏನೂ ಕಾಣುವುದಿಲ್ಲವಲ್ಲ ಮೇಷ್ಟ್ರೇ, ನಾನೂ ಹಾಗೇ, ನನಗೆ ಅತ್ತು ತೋರಿಸಲು ಬರುವುದಿಲ್ಲ, ಮಾತಾಡಿ ತಿಳಿಸಲೂ ಬರುವುದಿಲ್ಲ ಅಂದ. ಸೋಮವಾರ ಮಾವನಿಗೆ ಬೇಡ ಅಂದರೂ, ಆ ಮಗುವಿನ ಪ್ರಶ್ನೆ ಹಾಗೇ ಉಳಿಯುತ್ತದಲ್ಲ ಅಂದ.

"ಮೂರು ವಾರ ನೀನೂ ಚೂರು ನೋಡಿಯೇ ಹೇಳ್ತಿದ್ದೆ," ಅಂದರು ಮೇಷ್ಟ್ರು. "ಅವಳಿಗಿನ್ನೂ ಎಂಟು ವರ್ಷ."

ಚೆಲುವರಾಜು ಎದ್ದು ಇನ್ನೊಂದು ಚೊಂಬು ನೀರು ತಂದು ಹಾಕಿದ. ಪಟ್ಟೆಗಳು ಮತ್ತೆ ಎದ್ದವು.

"ಇವತ್ತೇ ಮಳವಳ್ಳಿ ಬಸ್ಸು ಹತ್ತುತ್ತೇನೆ," ಅಂದ. "ಆದರೆ ಅವಳು ಎದುರಿಗೆ ಬಂದು ನಿಂತರೆ ನಾನು ಏನು ಹೇಳಲಿ?"

ಮೇಷ್ಟ್ರು ಏಳನೇ ಕಲ್ಲನ್ನು ಗುಳಿಯಲ್ಲೇ ಬಿಟ್ಟು, ಅವನ ಭುಜ ಹಿಡಿದು ಮೇಲೆದ್ದರು.

"ಏನೂ ಹೇಳಬೇಡ. ಇಲ್ಲಿಗೆ ಕರ್ಕೊಂಡು ಬಾ. ಚೊಂಬು ಅವಳ ಕೈಗೆ ಕೊಡು."