ಬೇಲಿಯೊಳಗಿನ ಹೊರೆಗಲ್ಲು

ಗುಡ್ಡದ ಹಳೇ ಕಾಲುದಾರಿಯಲ್ಲಿ ಹೆಗಲೆತ್ತರದ ಒಂದು ಹೊರೆಗಲ್ಲಿತ್ತು. ತಲೆಹೊರೆಯವರು ಯಾರ ಹಂಗೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗುತ್ತಿದ್ದರು. ಬಸ್ಸು ಬಂದ ಮೇಲೆ ಆ ದಾರಿಗೆ ಉಳಿದವಳು ಸೌದೆ ಹೊರುವ ಕೆಂಚಜ್ಜಿ ಒಬ್ಬಳೇ.

"ಒಬ್ಬ ಮುದುಕಿಗಾಗಿ ನಾನು ನಿಂತಿರಬೇಕೆ?" ಎಂದು ಕಲ್ಲು ಗೊರವಂಕದ ಬಳಿ ಕೊರಗಿತು. "ಊರೂರು ಸುತ್ತುವ ಹಕ್ಕಿ ನೀನು. ನನ್ನ ಸುದ್ದಿ ನಾಲ್ಕು ಜನರಿಗೆ ಹೇಳು."

ಗೊರವಂಕ ಹೇಳಿತು. ಯಾರೂ ನೋಡದ ಜಾಗಗಳನ್ನೇ ಹುಡುಕುವ ಪ್ರವಾಸಿಗರು ಬಂದರು. ಬೆನ್ನಿನ ಚೀಲವನ್ನೂ ಇಳಿಸದೆ ಫೋಟೊ ತೆಗೆದುಕೊಂಡು ಹೋದರು. ಕಲ್ಲು ಸವೆದೀತೆಂದು ಸುತ್ತ ಎತ್ತರದ ಕಬ್ಬಿಣದ ಬೇಲಿ ಎದ್ದಿತು, ಮುಟ್ಟಬಾರದೆಂಬ ಫಲಕವೂ ಬಂತು. ಕಲ್ಲು ಬೀಗಿತು.

ಒಂದು ಮಧ್ಯಾಹ್ನ ಕೆಂಚಜ್ಜಿ ಸೌದೆ ಹೊತ್ತು ಬಂದು ಬೇಲಿಯ ಸುತ್ತ ನಡೆದು ನೋಡಿದಳು. ಹೊರೆಯನ್ನು ನೆಲಕ್ಕೆ ಹಾಕಿದರೆ ಮತ್ತೆ ಎತ್ತಿಕೊಡುವವರಿಲ್ಲ. "ಹೋಗಲಿ ಬಿಡು, ನಿನಗಾದರೂ ಒಳ್ಳೇದಾಯ್ತಲ್ಲ" ಎಂದು ಕಲ್ಲಿಗೆ ಹೇಳಿ, ಏದುಸಿರು ಬಿಡುತ್ತ ಏರು ಹತ್ತಿದಳು.

"ಇವತ್ತು ಎಷ್ಟು ಜನ ಬಂದಿದ್ದರು?" ಎಂದು ಸಂಜೆ ಗೊರವಂಕ ಕೇಳಿತು.

"ಒಬ್ಬಳು ಬಂದಿದ್ದಳು," ಎಂದಿತು ಕಲ್ಲು. "ಹೊರೆ ಹೊತ್ತುಕೊಂಡೇ ಹೋದಳು."